ದಾವಲಬಿ ಆರಿಸಿದ ನಾಯಿ

ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ದಾವಲಬಿ ಇಪ್ಪತ್ತೆರಡು ವರ್ಷ ತೌಡು ಜರಡಿ ಹಿಡಿದಳು. ಅವಳ ಕಿವಿ ಹೋದದ್ದು ಒಂದೇ ದಿನಕ್ಕಲ್ಲ. ಮೊದಲು ಗುಬ್ಬಿಗಳ ಚಿಲಿಪಿಲಿ ಹೋಯಿತು. ಊರಲ್ಲಿ ಗುಬ್ಬಿಗಳೇ ಕಡಿಮೆಯಾಗಿವೆ ಎಂದುಕೊಂಡಳು. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮೊಬೈಲಿನ ಗಂಟೆ. ಕೊನೆಗೊಂದು ದಿನ ಕರೆಂಟು ಹೋಗಿ ಗಿರಣಿ ನಿಂತಿತೆಂದು ತಲೆ ಎತ್ತಿದರೆ, ಎದುರಿಗೆ ಬೆಲ್ಟು ಗಿರಗಿರನೆ ತಿರುಗುತ್ತಲೇ ಇತ್ತು. ಉಳಿದ ಹೆಣ್ಣಾಳುಗಳು ಮೂಗಿಗೆ ಸೆರಗು ಕಟ್ಟಿಕೊಂಡು ಎಂದಿನಂತೆ ಜರಡಿ ಆಡಿಸುತ್ತಿದ್ದರು. ಅವಳು ಜರಡಿಯನ್ನು ಗೋಡೆಗೆ ಒರಗಿಸಿದಳು, ಕೈಕಾಲು ತೊಳೆದುಕೊಂಡಳು, ಮನೆಗೆ ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ.

ಆಗ ಅವಳಿಗೆ ನಲವತ್ತನಾಲ್ಕು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಹಂಚಿನ ಮನೆ. ಮುಂದೆ ಕಟ್ಟೆ ಮತ್ತು ಸಣ್ಣದೊಂದು ಕಬ್ಬಿಣದ ಗೇಟು, ಹಿಂದೆ ಹಿತ್ತಲು. ಸ್ವಂತ ದುಡಿಮೆಯ ಮನೆ. ಆ ಮನೆಯಲ್ಲೇ ಅವಳು ಕೌದಿ ಹೊಲಿಯಲು ಕೂತಳು. ಜನ ಹಳೆ ಸೀರೆ, ಧೋತರ, ಮಕ್ಕಳ ಅಂಗಿಗಳ ಗಂಟು ತಂದುಕೊಡುತ್ತಿದ್ದರು. ಅವಳು ಅವನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸುತ್ತುತ್ತ ಸಣ್ಣ ಹೊಲಿಗೆ ಹಾಕಿ, ದಪ್ಪನೆಯ ಬೆಚ್ಚನೆಯ ಹೊದಿಕೆ ಮಾಡಿ ಕೊಡುತ್ತಿದ್ದಳು. ಎರಡು ವರ್ಷಗಳಲ್ಲಿ ಅವಳ ಕೌದಿಗಾಗಿ ತಿಳವಳ್ಳಿಯಿಂದ, ಹಾನಗಲ್ಲಿನಿಂದ ಜನ ಬರುವಂತಾಯಿತು.

ಮಾತು ಮೊದಲಿನಂತೆಯೇ ಸ್ಪಷ್ಟವಾಗಿ ಆಡುತ್ತಿದ್ದಳು. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ತಾನಾಗಿಯೇ ಕಲಿತಿದ್ದಳು. ಕಿವಿಗೆ ಹಾಕುವ ಮಷೀನು ತಂದು ನೋಡಿದ್ದೂ ಆಗಿತ್ತು; ಅದರಲ್ಲಿ ಗಿರಣಿಯ ಗುಂಯ್ಗುಡುವಿಕೆಯೊಂದು ಬಿಟ್ಟರೆ ಬೇರೇನೂ ಕೇಳದೆ, ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದಳು. ಇಷ್ಟಾದರೂ ತನಗೇನೋ ಕೊರತೆಯಾಗಿದೆ ಎಂದು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ತಗ್ಗಿಸಬೇಕಾಗಿ ಬಂದದ್ದು ಒಂದು ಸಂತೆಯ ದಿನ.

ಅವಳು ಯಾವಾಗಲೂ ಬಾಗಿಲಿಗೆ ಬೆನ್ನು ಮಾಡಿಯೇ ಕೂಡುತ್ತಿದ್ದಳು. ಬಾಗಿಲಿನ ಬೆಳಕು ಹೆಗಲ ಮೇಲಿಂದ ಹಾಯ್ದು ಸೂಜಿಯ ಮೇಲೆ ಬೀಳಬೇಕು, ಇಲ್ಲವಾದರೆ ಹೊಲಿಗೆ ಸೊಟ್ಟಗಾಗುತ್ತಿತ್ತು. ಅವತ್ತು ಮಧ್ಯಾಹ್ನ ತುಂತುರು ಮಳೆ. ನೀರು ಕುಡಿಯಲು ಎದ್ದು ತಿರುಗಿದಾಗ, ಗೋಡೆಯ ಪಕ್ಕ ಮಡಚಿಟ್ಟಿದ್ದ ಎರಡು ಹೊಸ ಕೌದಿಗಳು ಇರಲಿಲ್ಲ. ಮೊಬೈಲೂ ಇರಲಿಲ್ಲ. ನೆಲದ ಮೇಲೆ ಯಾರದೋ ಒದ್ದೆ ಹೆಜ್ಜೆ ಮೂಡಿದ್ದವು. ಬಾಗಿಲಿನಿಂದ ಬಂದು, ಅವಳು ಕೂತಿದ್ದ ಜಾಗದ ಹಿಂದೆ, ಕೈ ಚಾಚಿದರೆ ಅವಳ ಜಡೆ ಸಿಗುವಷ್ಟು ಹತ್ತಿರದಲ್ಲಿ ನಿಂತು, ತಿರುಗಿ ಹೋಗಿದ್ದವು. ಕೌದಿ ಹೋದದ್ದಕ್ಕಿಂತ ಆ ಹೆಜ್ಜೆಗಳೇ ಅವಳನ್ನು ಹೆಚ್ಚು ಕಾಡಿದವು. ಅಷ್ಟು ಹೊತ್ತು ಒಬ್ಬರು ಬೆನ್ನ ಹಿಂದೆ ನಿಂತಿದ್ದರು, ತಾನು ನೀಲಿ ದಾರ ಪೋಣಿಸುತ್ತ ಕೂತಿದ್ದೆ!

ಸುದ್ದಿ ತಿಳಿದು ಮರುದಿನವೇ ತಮ್ಮ ಫಯಾಜ ಸವಣೂರಿನಿಂದ ಓಡಿ ಬಂದ. ಅವನದು ವೀಳ್ಯದೆಲೆ ವ್ಯಾಪಾರ. ಅಕ್ಕನೆಂದರೆ ಜೀವ ಬಿಡುವವ, ಆದರೆ ಅವನ ಮಾತು ಓದುವುದು ಅಕ್ಕನಿಗೆ ದೊಡ್ಡ ಕಷ್ಟ. ತುಟಿ ಮುಚ್ಚುವಂಥ ಗಡ್ಡ ಮೀಸೆ, ಬಾಯಲ್ಲಿ ಸದಾ ಎಲೆಯಡಿಕೆ. ಬಾಯಿ ತೊಳೆದು ಬಾ ಎಂದು ಅವಳು ಕಳಿಸಿದ ಮೇಲೆ ಎದುರಿಗೆ ಕೂತು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ಸಾಕು ಆಪಾ. ಇನ್ನ ಇಲ್ಲಿ ಒಬ್ಬಾಕಿನ ಇರೂದು ಬ್ಯಾಡ. ನಡಿ ಸವಣೂರಿಗೆ. ನಮ್ಮ ಮನ್ಯಾಗ ಒಂದು ಖೋಲಿ ಖಾಲಿ ಐತಿ."

"ಅಲ್ಲಿಗೆ ಬಂದು ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಆರಾಮ ಕುಂದ್ರು."

"ಆರಾಮ ಕುಂದ್ರಾಕ ನನಗ ಬರಂಗಿಲ್ಲ ಫಯಾಜ. ನನ್ನ ಮನಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ."

ಎಷ್ಟು ಹೇಳಿದರೂ ಅಕ್ಕ ಜಗ್ಗದಿದ್ದಾಗ ಅವನು ಬೇರೆ ದಾರಿ ಹುಡುಕಿದ. ನಾಲ್ಕು ದಿನ ಬಿಟ್ಟು ಟೆಂಪೋ ಮಾಡಿಕೊಂಡು ಒಂದು ನಾಯಿಯನ್ನೇ ತಂದು ಇಳಿಸಿದ. ಎಲೆತೋಟದ ಗೆಳೆಯನೊಬ್ಬನಿಂದ ಕೇಳಿ ತಂದ ನಾಯಿ, ಮುಧೋಳ ತಳಿಯ ರಕ್ತ ಅರ್ಧ ಇದ್ದದ್ದು. ಉದ್ದ ಕಾಲು, ಒಳಗೆ ಎಳೆದುಕೊಂಡ ಹೊಟ್ಟೆ, ನಿಂತರೆ ದಾವಲಬಿಯ ಸೊಂಟಕ್ಕೆ ಬರುವ ಎತ್ತರ. ಹೆಸರು ಶೇರು. ಓಣಿಯವರೆಲ್ಲ ನೋಡಲು ಬಂದರು. ಇನ್ನು ಈ ಮನೆಯತ್ತ ಕಳ್ಳ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಎಲ್ಲರೂ ಒಪ್ಪಿದರು.

ಶೇರು ಒಳ್ಳೆಯ ನಾಯಿ. ಕೆಲಸಗಳ್ಳ ಅಲ್ಲವೇ ಅಲ್ಲ. ಗೇಟಿನ ಬಳಿ ನಿಂತು ಮುಂಜಾನೆಯಿಂದ ಸಂಜೆಯವರೆಗೆ ಮನಸಾರೆ ಬೊಗಳಿತು. ಹಾಲಿನವನಿಗೆ, ಪೋಸ್ಟಿನವನಿಗೆ, ಎಮ್ಮೆಗಳಿಗೆ, ಭತ್ತದ ಟ್ರ್ಯಾಕ್ಟರಿಗೆ. ಓಣಿಯ ಮಕ್ಕಳ ನಿದ್ದೆ ಹಾರಿತು. ದಾವಲಬಿ ಮಾತ್ರ ಬಾಗಿಲಿಗೆ ಬೆನ್ನು ಮಾಡಿ ನಿಶ್ಚಿಂತೆಯಿಂದ ಹೊಲಿಯುತ್ತ ಕೂತಿದ್ದಳು. ಎರಡು ದಿನ ಒಬ್ಬ ಗಿರಾಕಿಯೂ ಬರಲಿಲ್ಲ. ಮೂರನೆಯ ದಿನ ಹೊರಗೆ ಬಂದು ನೋಡಿದರೆ ಗೇಟಿನಾಚೆ, ದಾರಿಯ ಮಧ್ಯದಲ್ಲಿ, ಹಳೆ ಸೀರೆಗಳ ಗಂಟೊಂದು ಬಿದ್ದಿತ್ತು. ಯಾವಳೋ ಅಜ್ಜಿ ತಂದವಳು, ಶೇರುವನ್ನು ಕಂಡು ಗಂಟು ಚೆಲ್ಲಿ ಓಡಿದ್ದಳು.

ಅವಳು ಆ ಗಂಟನ್ನೆತ್ತಿ ಒಳಗೆ ತಂದು, ಮುಂದೇನು ಮಾಡಲಿ ಎಂದು ಯೋಚಿಸುತ್ತಲೇ ಸೂಜಿ ಹಿಡಿದಳು. ಸ್ವಲ್ಪ ಹೊತ್ತಿಗೆ ಎಡ ಮೊಣಕಾಲಿಗೆ ಏನೋ ತಾಗಿತು. ನೋಡಿದರೆ ಒಂದು ಪುಟ್ಟ ಬೀದಿ ನಾಯಿ. ಗಿರಣಿಯ ಹೊಟ್ಟಿನ ರಾಶಿಯಲ್ಲಿ ಹುಟ್ಟಿದ್ದು, ವರ್ಷದ ಪ್ರಾಯದ್ದು, ಬೆಕ್ಕಿಗಿಂತ ಒಂದಿಷ್ಟು ದೊಡ್ಡದು, ಬಣ್ಣ ಥೇಟ್ ತೌಡಿನದು. ಕಟ್ಟೆಯ ಮೇಲೆ ಉಳಿದ ರೊಟ್ಟಿ ಇಟ್ಟಾಗ ಬಂದು ತಿಂದು ಹೋಗುತ್ತಿತ್ತು. ಶೇರು ಬಂದ ಮೇಲೆ ಗೇಟಿನ ಸರಳುಗಳ ನಡುವೆ ನುಸುಳಿ ಬರುತ್ತಿತ್ತು. ಶೇರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ನಾಯಿ ಈಗ ಮುಂಗಾಲಿನಿಂದ ಅವಳ ಮೊಣಕಾಲು ತಟ್ಟಿತು, ಬಾಗಿಲಿನವರೆಗೆ ಓಡಿತು, ತಿರುಗಿ ನೋಡಿತು. ಮತ್ತೆ ಬಂದು ತಟ್ಟಿತು. ಅವಳು ಎದ್ದು ಹೋದಳು. ಗೇಟಿನಾಚೆ, ಶೇರುವಿಗೆ ಸಿಗದಷ್ಟು ದೂರದಲ್ಲಿ, ಎದುರು ಮನೆಯ ವೃಂದಾ ಎರಡೂ ಕೈ ಬೀಸುತ್ತ ನಿಂತಿದ್ದಳು.

ವೃಂದಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ದಾವಲಬಿ ಅವಳನ್ನು ಬಾಯಾರ ಎಂದೇ ಕರೆಯುತ್ತಿದ್ದಳು. ಅವಳ ತುಟಿಯ ಮಾತು ಅಚ್ಚೊತ್ತಿದ ಅಕ್ಷರದಷ್ಟು ಸ್ಪಷ್ಟ.

"ಕಾಲು ತಾಸಾತು ಅಕ್ಕಾರ, ಒದರಿ ಒದರಿ ಗಂಟಲಾ ಬಿತ್ತು! ನಿಮ್ಮ ನಾಯಿ ಒಳಗ ಬಿಡವಲ್ದು," ಎಂದಳು ವೃಂದಾ.

ದಾವಲಬಿ ಶೇರುವನ್ನು ನೋಡಿದಳು. ಅದು ಇನ್ನೂ ಬೊಗಳುತ್ತಿತ್ತು, ಪ್ರತಿ ಬೊಗಳಿಗೂ ಪಕ್ಕೆ ಅದುರುತ್ತಿತ್ತು. ಕಾಲ ಬಳಿ ಕೂತಿದ್ದ ತೌಡು ಬಣ್ಣದ ನಾಯಿಯನ್ನು ನೋಡಿದಳು. ಅದರ ಬಾಯಿ ಮುಚ್ಚಿತ್ತು. ಅವಳು ನಗತೊಡಗಿದಳು, ವೃಂದಾ ಗಾಬರಿಯಾಗುವಷ್ಟು ನಕ್ಕಳು.

"ಬಾಯಾರ, ಇಷ್ಟ ದಿನಾ ನನಗ ತಿಳೀಲಿಲ್ಲ ನೋಡ್ರಿ. ಬೊಗಳೂ ನಾಯಿ ನಾ ತಗೊಂಡು ಏನ್ ಮಾಡ್ಲಿ?"

ಭಾನುವಾರ ಫಯಾಜ ಬಂದಾಗ ಅಕ್ಕ ತನ್ನ ತೀರ್ಮಾನ ಹೇಳಿದಳು. ಶೇರು ತೋಟಕ್ಕೆ ವಾಪಸು, ಈ ಸಣ್ಣ ನಾಯಿ ಮನೆಯಲ್ಲಿ. ಹೆಸರು ತೌಡಿ ಎಂದು ಇಟ್ಟಿದ್ದೂ ಆಗಿತ್ತು. ಫಯಾಜ ಹಣೆ ಚಚ್ಚಿಕೊಂಡ.

"ಇದು ನಾಯೇನ ಆಪಾ? ಇಲಿ ಇದ್ದಂಗೈತಿ! ಕಳ್ಳ ಒಂದು ಕಾಲಿಂದ ಒದ್ದರ ಹಾನಗಲ್ಲಿಗೆ ಹೋಗಿ ಬೀಳತೈತಿ. ಇದೇನ್ ಮನಿ ಕಾಯತೈತಿ?"

"ಮನಿ ನಾ ಕಾಯತೇನಿ. ಇದು ನನಗ ಹೇಳಿದ್ರ ಸಾಕು. ಶೇರು ಬೊಗಳಿದ್ದು ಊರಿಗೆಲ್ಲಾ ಕೇಳತೈತಿ, ನನಗೊಬ್ಬಾಕಿಗೆ ಕೇಳಂಗಿಲ್ಲ. ಇದು ನನ್ನ ಮುಟ್ಟಿ ಹೇಳತೈತಿ."

ಅಷ್ಟರಲ್ಲಿ ತೌಡಿ ಫಯಾಜನ ಬಳಿ ಹೋಗಿ ಪೈಜಾಮದ ಅಂಚು ಮೂಸಿತು, ಸೊಂಟ ನೆಲಕ್ಕೆ ತಾಗುವಂತೆ ಬಾಗಿ ಎರಡು ಸಲ ಸೀನಿತು. ಅವನು ಹಚ್ಚಿಕೊಂಡಿದ್ದ ಅತ್ತರು ಅದರ ಮೂಗಿಗೆ ಹೊಂದಿರಲಿಲ್ಲ. ಫಯಾಜನಿಗೆ ಇನ್ನಷ್ಟು ಸಿಟ್ಟು ಬಂತು.

"ಆತು. ನಿನಗ ಎರಡು ತಿಂಗಳು ಕೊಡತೇನಿ. ಅಷ್ಟರಾಗ ಒಂದಿನ ಹೇಳದ ಕೇಳದ ಬರತೇನಿ. ನಾ ಬಂದಿದ್ದು ನಿನಗ ಗೊತ್ತಾಗಲಿಲ್ಲಂದ್ರ, ಮರುಮಾತಿಲ್ಲದ ಗಂಟು ಕಟ್ಟಿ ಸವಣೂರಿಗೆ ಬರಬೇಕು."

"ಗೊತ್ತಾತು ಅಂದ್ರ?"

"ಗೊತ್ತಾತು ಅಂದ್ರ ಇನ್ನ ಜಲಮದಾಗ ಸವಣೂರಿನ ಹೆಸರು ತಗಿಯಂಗಿಲ್ಲ."

"ಕೈ ಕೊಡು," ಎಂದಳು ದಾವಲಬಿ. ಫಯಾಜ ಕೈ ಕೊಟ್ಟ. ಹೋಗುವಾಗ ಶೇರುವನ್ನು ಟೆಂಪೋ ಹತ್ತಿಸಿಕೊಂಡು ಹೋದ. ತೋಟದಲ್ಲಿ ಬಯಲು ಸಿಕ್ಕ ಕೂಡಲೇ ಶೇರು ಕುಣಿದು ಓಡಿದ್ದನ್ನು ಅವನೇ ಫೋನಿನಲ್ಲಿ ಚಿತ್ರ ತೆಗೆದು, ಅಕ್ಕನಿಗೆ ತಾನು ಕೊಡಿಸಿದ ಹೊಸ ಮೊಬೈಲಿಗೆ ಕಳಿಸಿದ.

ಮನೆಯೊಳಗೆ ನಾಯಿ ಎಂದಾಗ ದಾವಲಬಿಗೂ ಒಂದು ಅಳುಕಿತ್ತು. ಮಸೀದಿಯ ಹಿರಿಯರಲ್ಲಿ ಕೇಳಿಸಿದಳು. ಕೆಲಸಕ್ಕಾಗಿ ಸಾಕಿದ ನಾಯಿಗೆ ಅಡ್ಡಿಯಿಲ್ಲ, ನಮಾಜಿನ ಜಾಗ ಮತ್ತು ಬಟ್ಟೆ ಶುದ್ಧವಿರಲಿ ಎಂದರು. ಅವಳು ಒಳಖೋಲಿಯನ್ನು ನಮಾಜಿಗೆ, ಹೊರಖೋಲಿಯನ್ನು ಹೊಲಿಗೆಗೆ ಎಂದು ಪಾಲು ಮಾಡಿದಳು. ಅಡುಗೆಯ ಮೂಲೆ, ಹಿತ್ತಲ ಬಾಗಿಲು ಎರಡೂ ಹೊರಖೋಲಿಯಲ್ಲೇ, ಅವಳು ಕೂಡುವ ಜಾಗದ ಬಲ ಹಿಂಬದಿಗೆ ಇದ್ದವು. ಒಳಖೋಲಿಯ ಹೊಸ್ತಿಲು ತೌಡಿಯ ಗಡಿ. ಅದನ್ನು ದಾಟಬಾರದೆಂದು ತೌಡಿ ಎರಡೇ ದಿನಕ್ಕೆ ಕಲಿಯಿತು.

ಮುಂದಿನದು ಅಷ್ಟು ಸುಲಭವಾಗಲಿಲ್ಲ. ಮೊಣಕಾಲು ತಟ್ಟಿದರೆ ಬೇಯಿಸಿದ ಮೊಟ್ಟೆಯ ಚೂರು ಸಿಗುತ್ತದೆ ಎಂದು ಗೊತ್ತಾದದ್ದೇ ತಡ, ತೌಡಿ ಎಲ್ಲದಕ್ಕೂ ತಟ್ಟತೊಡಗಿತು. ಎಲೆ ಬಿದ್ದರೆ ತಟ್ಟಿತು, ಹಲ್ಲಿ ಓಡಿದರೆ ತಟ್ಟಿತು, ಆಕಳು ಉಚ್ಚೆ ಹೊಯ್ದರೂ ಬಂದು ತಟ್ಟಿತು. ಒಂದೊಂದು ಸಲವೂ ಎದ್ದು ಹೋಗಿ ನೋಡಿ ಬಂದು ದಾವಲಬಿಯ ಸೊಂಟ ಹಿಡಿಯಿತು. ಎರಡು ಕಡೆ ಸೂಜಿ ಬೆರಳಿಗೆ ಚುಚ್ಚಿತು. ನಾಲ್ಕನೆಯ ದಿನ ಸಂಜೆ ಅವಳು ವೃಂದಾಳ ಮುಂದೆ ಕೈಚೆಲ್ಲಿ ಕೂತಳು.

"ಇದಕ್ಕ ತಿಳಿಯಂಗಿಲ್ಲ ಬಾಯಾರ. ಫಯಾಜ ಹೇಳಿದ್ದ ಖರೆ ಆಗತೈತೇನೋ."

ವೃಂದಾ ಯೋಚಿಸಿ ಹೇಳಿದಳು: "ಅದಕ್ಕ ತಿಳೀತದ ಅಕ್ಕಾರ, ನೀವು ಸರಿಯಾಗಿ ಹೇಳಿಲ್ಲ. ಎಲ್ಲಾ ಉತ್ತರಕ್ಕೂ ಮಾರ್ಕ್ಸ್ ಹಾಕಿದ್ರ ಹುಡುಗರು ಕಲೀತಾರೇನು? ಸರಿ ಇದ್ದದ್ದಕ್ಕಷ್ಟ ತತ್ತಿ ಕೊಡ್ರಿ. ಬಾಗಲಾ ಬಡಿಯೂದು ನನಗ ಬಿಡ್ರಿ."

ಅಂದಿನಿಂದ ವೃಂದಾ ಶಾಲೆಯಿಂದ ಬಂದವಳು ಕೈಚೀಲ ಇಡುವ ಮೊದಲೇ ಎದುರು ಮನೆಯ ಬಾಗಿಲು ಬಡಿದು ಹೋಗುತ್ತಿದ್ದಳು. ಒಮ್ಮೆ ಮುಂಬಾಗಿಲು, ಒಮ್ಮೆ ಹಿತ್ತಲ ಬಾಗಿಲು, ಒಮ್ಮೆ ಹೆಸರು ಹಿಡಿದು ಕೂಗುವುದು, ಒಮ್ಮೆ ತನ್ನ ಮನೆಯಿಂದಲೇ ಫೋನು ಮಾಡುವುದು. ಯಾವ ಹೊತ್ತಿಗೆ ಯಾವುದೆಂದು ದಾವಲಬಿಗೆ ಮೊದಲೇ ಹೇಳಿರುತ್ತಿದ್ದಳು. ಬಾಗಿಲು, ಕೂಗು, ಕುಕ್ಕರು, ಫೋನು ಈ ನಾಲ್ಕಕ್ಕೆ ಮಾತ್ರ ಮೊಟ್ಟೆ. ಹಲ್ಲಿ ಓಡಿದ್ದಕ್ಕೆ ಏನೂ ಇಲ್ಲ. ದಾವಲಬಿ ತುಟಿ ಕಚ್ಚಿಕೊಂಡು ಅಲುಗಾಡದೆ ಕೂತಿರುತ್ತಿದ್ದಳು. ತೌಡಿ ತಟ್ಟಿ, ತಟ್ಟಿ, ಬೇಸತ್ತು ಮಲಗುತ್ತಿತ್ತು. ಮೂರು ವಾರ ಕಳೆಯುವ ಹೊತ್ತಿಗೆ ಹಲ್ಲಿ ಓಡಿದರೆ ಅದು ಕಿವಿ ನಿಮಿರಿಸಿ ಸುಮ್ಮನಾಗುತ್ತಿತ್ತು, ಬಾಗಿಲು ಬಡಿದರೆ ಬಾಣದಂತೆ ಬರುತ್ತಿತ್ತು.

ಹೀಗೆ ಬರುವುದರಲ್ಲಿ ಇನ್ನೊಂದು ಸಂಗತಿಯನ್ನು ದಾವಲಬಿ ಕಂಡುಕೊಂಡಳು, ಅದು ಅವಳು ಕಲಿಸಿದ್ದಲ್ಲ. ಮುಂಬಾಗಿಲಿಗೆ ಯಾರಾದರೂ ಬಂದರೆ ತೌಡಿ ಅವಳ ಎಡ ಮೊಣಕಾಲು ಮುಟ್ಟುತ್ತಿತ್ತು, ಹಿತ್ತಲಿನಿಂದ ಬಂದರೆ ಬಲ ಮೊಣಕಾಲು. ಗೊತ್ತಿದ್ದವರಾದರೆ ಬಾಲ ಅಲ್ಲಾಡುತ್ತಿತ್ತು, ಹೊಸಬರಾದರೆ ಬೆನ್ನ ಮೇಲಿನ ಕೂದಲು ನಿಲ್ಲುತ್ತಿತ್ತು. ಕುಕ್ಕರು ಕೂಗಿದರೆ ಒಲೆಯ ಕಡೆ ಮುಖ ಮಾಡಿ ಕೂರುತ್ತಿತ್ತು. ಅವಳು ದಿನದಿಂದ ದಿನಕ್ಕೆ ನಾಯಿಯನ್ನು ತುಟಿಯಂತೆಯೇ ಓದತೊಡಗಿದಳು.

ಕೌದಿಗೆ ನಾಯಿ ಕೂದಲು ಹತ್ತುತ್ತದೆಂದು ಮೂಗು ಮುರಿದ ಗಿರಾಕಿಗಳೂ ಇದ್ದರು. ಅವಳು ಹಾಸಿದ ಬಟ್ಟೆಯ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಅದರಾಚೆ ತೌಡಿ ಕಾಲಿಡದಂತೆ ರೂಢಿ ಮಾಡಿಸಿದಳು. ಬಂದವರಿಗೆ ಕೌದಿಯನ್ನು ಬಿಸಿಲಿಗೆ ಹಿಡಿದು ಎರಡೂ ಮಗ್ಗಲು ತೋರಿಸುತ್ತಿದ್ದಳು. ಒಂದು ಕೂದಲು ತೋರಿಸಿದವರಿಗೆ ಕೌದಿ ಪುಕ್ಕಟೆ ಎಂದಳು. ಯಾರಿಗೂ ಸಿಗಲಿಲ್ಲ.

ಎರಡು ತಿಂಗಳಿಗೆ ಮೂರು ದಿನ ಉಳಿದಿತ್ತು. ನೆತ್ತಿಯ ಮೇಲೆ ಬಿಸಿಲು, ಗಿರಣಿ ಭರ್ತಿ ನಡೆದ ಹೊತ್ತು. ಕಾಲಡಿಯ ನೆಲದ ಸಣ್ಣ ನಡುಕದಿಂದಲೇ ಅದು ನಡೆಯುತ್ತಿದೆಯೆಂದು ದಾವಲಬಿಗೆ ತಿಳಿಯುತ್ತಿತ್ತು. ಹಾನಗಲ್ಲಿನ ಮದುವೆಮನೆಯೊಂದರ ಕೌದಿಯ ನಾಲ್ಕನೆಯ ಮೂಲೆ ಹೊಲಿಯುತ್ತಿದ್ದಳು. ಬಾಗಿಲ ಬಳಿ ಒರಗಿದ್ದ ತೌಡಿ ಎದ್ದು ಹಿತ್ತಲಿನತ್ತ ಹೋದದ್ದು ಕಣ್ಣಂಚಿನಲ್ಲಿ ಕಂಡಿತು. ಮರುಕ್ಷಣ ಬಲ ಮೊಣಕಾಲಿನ ಮೇಲೆ ಮುಂಗಾಲು ಬಿತ್ತು. ಅವಳು ತಲೆ ತಗ್ಗಿಸಿ ನೋಡಿದಳು. ಬಾಲ ಅಲ್ಲಾಡುತ್ತಿತ್ತು. ಗೊತ್ತಿದ್ದವರು. ವೃಂದಾ ಶಾಲೆಯಲ್ಲಿರುವ ಹೊತ್ತು, ಹಾಗಾದರೆ ಯಾರು?

ತೌಡಿ ಸೊಂಟ ನೆಲಕ್ಕೆ ತಾಗುವಂತೆ ಬಾಗಿ ಎರಡು ಸಲ ಸೀನಿತು.

ದಾವಲಬಿ ತಿರುಗಲಿಲ್ಲ. ಸೂಜಿಯನ್ನೂ ನಿಲ್ಲಿಸಲಿಲ್ಲ. ದಾರ ಎಳೆದು ಬಿಗಿ ಮಾಡಿ, ಇಡೀ ಮನೆಗೆ ಕೇಳುವಂತೆ ಹೇಳಿದಳು:

"ಹಿತ್ತಲದಾಗ ಯಾಕ ನಿಂತಿ ಫಯಾಜ? ಮುಂದಿನ ಬಾಗಲಾ ತಗದ ಐತೆಲ್ಲ. ಕಾಲು ತೊಳಕೊಂಡು ಬಾ, ಚಾ ಇಡತೇನಿ."

ಆಮೇಲೆ ತಿರುಗಿದಳು. ಫಯಾಜ ಅಡುಗೆಯ ಮೂಲೆಯ ಬಳಿ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು, ಒಂಟಿ ಕಾಲಿನ ಮೇಲೆ ನಿಂತಿದ್ದ. ಇನ್ನೊಂದು ಕಾಲು ಹೆಜ್ಜೆ ಇಡಲು ಎತ್ತಿದ್ದು ಹಾಗೆಯೇ ಇತ್ತು. ಸವಣೂರಿನಿಂದ ಬಂದವನು ಓಣಿಯ ಮೂಲೆಯಲ್ಲೇ ಚಪ್ಪಲಿ ಕಳಚಿ, ಹೊಟ್ಟಿನ ರಾಶಿಯ ಹಿಂದಿನಿಂದ ಸುತ್ತು ಹಾಕಿ, ಹಿತ್ತಲಿನ ಬೇಲಿ ದಾಟಿ ಬಂದಿದ್ದ. ಪೈಜಾಮಕ್ಕೆ ಮುಳ್ಳು ಸಿಕ್ಕಿ ಹರಿದಿತ್ತು. ಅವನ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಗಡ್ಡ ಮೀಸೆಯ ನಡುವೆಯೂ ಆ ಬಾಯಿ ಏನು ಹೇಳುತ್ತಿದೆಯೆಂದು ಅವತ್ತು ಅವಳಿಗೆ ಕಷ್ಟವಿಲ್ಲದೆ ತಿಳಿಯಿತು.

"ಯಾರು ಹೇಳಿದ್ರು? ನಾನ ಅಂತ ಹೆಂಗ ಗೊತ್ತಾತು ಆಪಾ?"

"ತೌಡಿ ಹೇಳ್ತು."

"ಯಾರೋ ಬಂದಾರ ಅಂತ ಹೇಳೀತು. ಹೆಸರೂ ಹೇಳತೈತೇನು?"

"ನಿನ್ನ ಹೆಸರಿಗೆ ಸೀನತೈತಿ."

ಫಯಾಜ ಚಪ್ಪಲಿ ಕೆಳಗಿಟ್ಟ. ಅಂಗಿಯ ತೋಳು ಮೂಸಿಕೊಂಡ. ತೌಡಿಯನ್ನು ನೋಡಿದ, ಅಕ್ಕನನ್ನು ನೋಡಿದ, ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕುಸಿದು ನಗತೊಡಗಿದ. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡ. ಅವತ್ತು ಅವನು ಎರಡು ಕಪ್ ಚಹಾ ಕುಡಿದು, ತೌಡಿಗೆ ಸ್ವತಃ ಮೊಟ್ಟೆ ಸುಲಿದು ಕೊಟ್ಟು ಹೋದ. ಕೊಟ್ಟ ಮಾತಿನಂತೆ ಸವಣೂರಿಗೆ ಬಾ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಸಂಜೆ ವೃಂದಾ ಬಂದಾಗ ದಾವಲಬಿ ಫಯಾಜನಂತೆ ಚಪ್ಪಲಿ ಕೈಯಲ್ಲಿ ಹಿಡಿದು ಒಂಟಿ ಕಾಲಲ್ಲಿ ನಿಂತು ತೋರಿಸಿದಳು. ಇಬ್ಬರೂ ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕರು.

ತೌಡಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಲು ಹೋದಾಗ ಪಶು ಆಸ್ಪತ್ರೆಯ ಕಂಪೌಂಡರ ಜಗದೀಶ ಈ ಕಥೆಯನ್ನು ಪೂರ್ತಿ ಕೇಳಿದ. ಅವನಿಂದ ಅದು ಊರೂರು ಸುತ್ತಿತು. ಒಂದು ಭಾನುವಾರ ಶಿಗ್ಗಾವಿಯಿಂದ ನಿವೃತ್ತ ಬ್ಯಾಂಕ್ ಕಾರಕೂನರೊಬ್ಬರು ಮಗಳೊಂದಿಗೆ ಬಂದರು. ಕಿವಿ ಮಂದವಾಗುತ್ತ ಬಂದು ಈಗ ಮೊಮ್ಮಗುವಿನ ಅಳುವೂ ಕೇಳುವುದಿಲ್ಲ ಎಂದರು. ಮುಂದಿನ ಭಾನುವಾರ ಹಾನಗಲ್ಲಿನ ಇಬ್ಬರು ಅಕ್ಕತಂಗಿಯರು ಬಂದರು, ಹುಟ್ಟಿನಿಂದಲೇ ಕಿವಿ ಕೇಳದವರು, ಕೈಸನ್ನೆಯಲ್ಲಿ ಮಾತಾಡುವವರು. ಸವಣೂರಿನ ಒಬ್ಬ ಕಮ್ಮಾರನನ್ನು ಫಯಾಜನೇ ಕರೆತಂದ. ದಾವಲಬಿಯ ಕಟ್ಟೆ ತುಂಬಿತು. ಅವಳು ಮೊದಲು ಕೇಳುತ್ತಿದ್ದದ್ದು ನಾಯಿಯ ವಿಚಾರವನ್ನಲ್ಲ. ನೀವು ಎಲ್ಲಿ ಕೂಡುತ್ತೀರಿ, ಯಾವ ಕಡೆ ಮುಖ ಮಾಡುತ್ತೀರಿ, ದಿನವಿಡೀ ಏನು ಕೇಳದಿದ್ದರೆ ನಿಮಗೆ ಕಷ್ಟ ಎಂದು ಕೇಳುತ್ತಿದ್ದಳು. ವೃಂದಾ ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬೀದಿಯಲ್ಲಿ ಬೆಳೆದ ಸಣ್ಣ ನಾಯಿಗಳಲ್ಲಿ ಚುರುಕಾದದ್ದನ್ನು ಜಗದೀಶ ಹುಡುಕಿ, ಚುಚ್ಚುಮದ್ದು ಹಾಕಿ ಕೊಡುತ್ತಿದ್ದ.

ಹಿರೇಕೆರೂರಿನ ವಸೀಮ ಬಂದಾಗ ಮಾತ್ರ ಲೆಕ್ಕ ತಪ್ಪಿತು. ಗೋವಿನಜೋಳದ ಪೇಟೆಯಲ್ಲಿ ಚೀಲ ಹೊರುವ ಹಮಾಲ, ಮೂವತ್ತರ ಪ್ರಾಯ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಆಳು. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿತ್ತು. ಪೇಟೆಯಲ್ಲಿ ಅವನನ್ನು ಕರೆಯಬೇಕಾದರೆ ಬೆನ್ನಿಗೆ ಕಾಳು ಬಿಡಿಸಿದ ಜೋಳದ ಬೆಂಡು ಎಸೆಯುತ್ತಿದ್ದರು. ಅದು ಅವನಿಗೆ ಬಹಳ ಅವಮಾನವೆನಿಸುತ್ತಿತ್ತು. ಒಂದು ಸಲ ಹಿಂದೆ ಬರುತ್ತಿದ್ದ ಲಾರಿಯಿಂದ ಕೂದಲೆಳೆಯಲ್ಲಿ ಉಳಿದಿದ್ದ. ಇದನ್ನೆಲ್ಲ ಅವನು ಕೈಯಲ್ಲಿ ಆಡಿ ತೋರಿಸಿದ, ಉಳಿದದ್ದನ್ನು ಮೊಬೈಲಿನಲ್ಲಿ ಬರೆದ. ಜಗದೀಶ ಅವನಿಗೂ ಒಂದು ಸಣ್ಣ ನಾಯಿ ತಂದಿದ್ದ.

ದಾವಲಬಿ ಬೇಡವೆಂದು ಕೈ ಅಡ್ಡ ಮಾಡಿದಳು.

"ಅಕ್ಕಾರ, ಸಣ್ಣದ ಛಲೋ ಅಂತ ನೀವ ಹೇಳತಿದ್ರಿ?" ಎಂದ ಜಗದೀಶ.

"ಅದು ನನಗ. ಇವ ದಿನಾ ನಿಂತ ಇರತಾನ, ಹೆಗಲ ಮ್ಯಾಲೆ ಚೀಲ ಇರತೈತಿ. ಕೆಳಗ ನೋಡಾಕ ಬರಂಗಿಲ್ಲ. ಸಣ್ಣ ನಾಯಿ ಇವನ ಕಾಲಾಗ ಸಿಕ್ಕು ಇಬ್ಬರೂ ಬೀಳತಾರ. ಇವನ ಕೈಗೆ ಮೂಗು ಎಟಕಬೇಕು. ದೊಡ್ಡ ನಾಯೇ ಬೇಕು."

ಪೇಟೆಯಲ್ಲೇ ಬೆಳೆದ ಕರಿ ನಾಯಿಯೊಂದು ವಸೀಮನ ಹಿಂದೆ ಹಿಂದೆ ತಿರುಗುತ್ತಿತ್ತು. ಎತ್ತರದ, ಗಂಭೀರ ಸ್ವಭಾವದ ನಾಯಿ. ಅದೇ ಆಗಲಿ ಎಂದಳು. ಆದರೆ ಪೇಟೆಯ ಗದ್ದಲವನ್ನು ಅಕ್ಕಿಆಲೂರಿನ ಕಟ್ಟೆಯ ಮೇಲೆ ಕಲಿಸಲು ಬರುವುದಿಲ್ಲ. ಹಾಗಾಗಿ ಗಿರಣಿ ಬಿಟ್ಟ ಮೇಲೆ ಊರ ಹೊರಗೆ ಒಬ್ಬಳೇ ಕಾಲಿಡದ ದಾವಲಬಿ ಬುಧವಾರ ಬುಧವಾರ ಬಸ್ಸು ಹತ್ತತೊಡಗಿದಳು. ತಿಳವಳ್ಳಿಯಲ್ಲಿ ಬಸ್ಸು ಬದಲಿಸಬೇಕು. ತೌಡಿ ತೊಡೆಯ ಮೇಲೆ ಕೂತಿರುತ್ತಿತ್ತು. ಕಂಡಕ್ಟರ್ ಹಿಂದಿನಿಂದ ಟಿಕೀಟು ಎಂದು ಕೂಗಿದರೆ ಅವಳ ಮೊಣಕೈ ಮುಟ್ಟುತ್ತಿತ್ತು. ಮೊದಲ ದಿನ ಕಂಡಕ್ಟರ್ ನಾಯಿಗೂ ಟಿಕೀಟು ಹರಿದ. ಅವಳು ಅದನ್ನು ತೌಡಿಯ ಕೊರಳ ಪಟ್ಟಿಗೆ ಸಿಕ್ಕಿಸಿ ಸೀಟಿನಲ್ಲಿ ನೆಟ್ಟಗೆ ಕೂತಳು.

ಎಂಟು ಬುಧವಾರಗಳಾದವು. ಒಂಬತ್ತನೆಯ ಬುಧವಾರ ಪೇಟೆಯಲ್ಲಿ ಭಾರೀ ಮಾಲು ಬಂದಿತ್ತು. ಬಂಗಾರದ ಬಣ್ಣದ ಜೋಳ ರಾಶಿ ರಾಶಿಯಾಗಿ ಬಿದ್ದಿತ್ತು. ದಾವಲಬಿ ಒಂದು ಚೀಲದ ಮೇಲೆ ಕೂತು ನೋಡುತ್ತಿದ್ದಳು. ವಸೀಮ ಹೆಗಲ ಮೇಲೆ ಚೀಲ ಹೊತ್ತು ದಾರಿಯ ನಡುವೆ ಹೊರಟಿದ್ದ, ಕರಿ ನಾಯಿ ಅವನ ಎಡಗೈಯ ಪಕ್ಕದಲ್ಲಿ. ಅವನ ಬೆನ್ನ ಹಿಂದೆ ಲಾರಿಯೊಂದು ರಿವರ್ಸ್ ಬರತೊಡಗಿತು. ಅತ್ತ ಇತ್ತ ನಿಂತಿದ್ದ ಹಮಾಲರ ಬಾಯಿಗಳು ಒಮ್ಮೆಗೇ ತೆರೆದುಕೊಂಡವು. ಒಬ್ಬ ಬಗ್ಗಿ ಬೆಂಡು ಎತ್ತಿಕೊಂಡ. ದಾವಲಬಿ ಎದ್ದು ನಿಂತಳು. ಅಷ್ಟರಲ್ಲಿ ಕರಿ ನಾಯಿ ವಸೀಮನ ಅಂಗೈಯೊಳಗೆ ಮೂಗು ತೂರಿಸಿ, ತನ್ನ ಇಡೀ ಮೈಯಿಂದ ಅವನ ತೊಡೆಯನ್ನು ಬಲಕ್ಕೆ ನೂಕಿತು. ವಸೀಮ ಹಿಂತಿರುಗಿ ನೋಡಲಿಲ್ಲ, ಗಾಬರಿಯಾಗಲಿಲ್ಲ. ಚೀಲ ಹೊತ್ತುಕೊಂಡೇ ಬಲಕ್ಕೆ ಮೂರು ಹೆಜ್ಜೆ ಸರಿದು ನಿಂತ. ಲಾರಿ ಪಕ್ಕದಿಂದ ಹಾದುಹೋಯಿತು. ಅವನು ನಾಯಿಯ ತಲೆ ಸವರಿ ಮತ್ತೆ ಮುಂದೆ ನಡೆದ.

ಬೆಂಡು ಹಿಡಿದವನ ಕೈ ತಾನಾಗಿಯೇ ಕೆಳಗಿಳಿಯಿತು. ಆಮೇಲೆ ಹಮಾಲರು ಚೀಲ ಇಳಿಸಿ ಚಪ್ಪಾಳೆ ತಟ್ಟತೊಡಗಿದರು. ವಸೀಮನಿಗೆ ಅದು ಕೇಳದು, ದಾವಲಬಿಗೂ ಕೇಳದು. ಅವಳು ತಾನು ಹಾನಗಲ್ಲಿನ ಅಕ್ಕತಂಗಿಯರಿಂದ ಕಲಿತದ್ದನ್ನು ಮಾಡಿದಳು. ಎರಡೂ ಕೈ ತಲೆಯ ಮೇಲೆತ್ತಿ ಬೆರಳು ಬಿಡಿಸಿ ಗಲಗಲ ಅಲ್ಲಾಡಿಸಿದಳು. ಕಿವಿ ಕೇಳದವರ ಚಪ್ಪಾಳೆ ಅದು. ಅದನ್ನು ಕಂಡ ಒಬ್ಬ ಹಮಾಲ ಹಾಗೇ ಮಾಡಿದ, ಇನ್ನೊಬ್ಬ ಮಾಡಿದ. ನೋಡುನೋಡುತ್ತಿದ್ದಂತೆ ಪೇಟೆಯ ತುಂಬ ಜೋಳದ ಧೂಳು ಹತ್ತಿದ ಕೈಗಳು ಮೇಲೆದ್ದವು. ವಸೀಮ ಚೀಲ ಇಳಿಸಿ ತಿರುಗಿದವನು ಆ ಕೈಗಳನ್ನು ಕಂಡು ಕಲ್ಲಿನಂತೆ ನಿಂತ. ನಿಧಾನವಾಗಿ ಅವನ ಮುಖ ಅರಳಿತು. ಅವನೂ ತನ್ನ ಉದ್ದನೆಯ ಎರಡೂ ಕೈ ಎತ್ತಿದ.

ಲಾರಿಯ ಮಾಲೀಕ ಚಹಾ ತರಿಸಿದ. ದಾವಲಬಿಗೆ ಮೊದಲ ಕಪ್ ಕೊಟ್ಟು, ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ದೊಡ್ಡದಾಗಿ ಬಾಯಿ ತೆರೆದು ಕೇಳಿದ.

"ಅವ್ವಾ, ನನಗೂ ಒಂದು ನಾಯಿ ಸಾಕೂದೈತ್ರಿ. ಸಣ್ಣದ ಛಲೋನೋ, ದೊಡ್ಡದೋ?"

ದಾವಲಬಿ ಚಹಾದ ಕಪ್ಪನ್ನು ಚೀಲದ ಮೇಲಿಟ್ಟು, ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ನೀವು ದಿನಾ ಕುಂತ ಕೆಲಸಾ ಮಾಡತೀರೋ, ನಿಂತ ಮಾಡತೀರೋ? ಅದನ್ನ ಮೊದಲ ಹೇಳ್ರಿ," ಎಂದಳು.